ವಿಹಾರದ ಕೀಲಿಕೈ ಯಾರ ಕೈಗೆ ಕೊಡಲಿ?

ನಿವೃತ್ತ ಮೇಷ್ಟ್ರು, ಕಲಬುರಗಿ ಜಿಲ್ಲೆ (ಮೂಲ ಬರಹ)

ಎಲ್ಲರಿಗೂ ಜೈ ಭೀಮ್, ನಮೋ ಬುದ್ಧಾಯ.

ನನಗೆ ಈಗ ಎಪ್ಪತ್ತೊಂದು ವರ್ಷ. ನಮ್ಮ ತಾಲ್ಲೂಕಿನ ಒಂದು ಸಣ್ಣ ಬುದ್ಧ ವಿಹಾರವನ್ನು 1999ರಿಂದ ನಡೆಸಿಕೊಂಡು ಬಂದಿದ್ದೇನೆ. ಬರುವ ಅಶ್ವಿನ ಹುಣ್ಣಿಮೆಗೆ ಮಳೆಗಾಲದ ಮೂರು ತಿಂಗಳ ವ್ರತವಾದ ವರ್ಷಾವಾಸ ಮುಗಿಯುತ್ತದೆ. ಆ ದಿನವೇ ಅಧ್ಯಕ್ಷ ಸ್ಥಾನ ಬಿಡುತ್ತೇನೆ. ಈ ತೀರ್ಮಾನ ಆಗಿಹೋಗಿದೆ. ಹೇಗೆ ಬಿಡಬೇಕು ಎಂಬುದೊಂದೇ ತಿಳಿಯುತ್ತಿಲ್ಲ, ಅದನ್ನು ಕೇಳಲು ಬಂದಿದ್ದೇನೆ.

ನಾವು ಶುರು ಮಾಡಿದ್ದು ಬಡಾವಣೆಯ ತುದಿಯ ಒಂದು ತಗಡಿನ ಕೋಣೆಯಲ್ಲಿ. ಬಾಬಾಸಾಹೇಬರ ಚಿತ್ರ, ಒಂದಡಿ ಎತ್ತರದ ಬುದ್ಧಮೂರ್ತಿ, ಎರಡು ಚಾಪೆ. 2003ರಲ್ಲಿ ಮನೆಮನೆಗೆ ತಿರುಗಿ ಪಟ್ಟಿ ಎತ್ತಿ ಮೂವತ್ತು ನಲವತ್ತರ ನಿವೇಶನ ಕೊಂಡೆವು. ಆಗ ಸಂಘದ ನೋಂದಣಿ ಆಗಿರಲಿಲ್ಲ, ಖರೀದಿ ನನ್ನ ಹೆಸರಿಗೇ ಆಯಿತು. ನೋಂದಣಿ ಆಮೇಲೆ ಆಯಿತು. ಜಾಗ ಮಾತ್ರ ಇವತ್ತಿಗೂ ನನ್ನ ಹೆಸರಿನಲ್ಲಿದೆ. ಗೋಡೆ ಎದ್ದಿತು, ಆರ್‌ಸಿಸಿ ಬಿದ್ದಿತು, ಗ್ರಾನೈಟ್ ಕಟ್ಟೆ ಬಂತು. ಪ್ರತಿ ಭಾನುವಾರ ವಂದನೆ, ವೈಶಾಖ ಹುಣ್ಣಿಮೆಗೆ ಖೀರು, ಆಷಾಢದಿಂದ ಮೂರು ತಿಂಗಳು ಸಂಜೆ ಬಾಬಾಸಾಹೇಬರ ಧಮ್ಮಗ್ರಂಥದ ವಾಚನ. ನಾನೇ ಬೌದ್ಧಾಚಾರ್ಯನ, ಅಂದರೆ ಬೌದ್ಧ ಸಂಸ್ಕಾರ ನಡೆಸಿಕೊಡುವವನ ತರಬೇತಿ ಪಡೆದು ಬಂದವನಾದ್ದರಿಂದ ಮದುವೆ, ನಾಮಕರಣ, ಗೃಹಪ್ರವೇಶ, ಮಣ್ಣು ಎಲ್ಲಕ್ಕೂ ನನ್ನನ್ನೇ ಕರೆಯುತ್ತಾರೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಬಿಳಿ ಅಂಗಿ ತೊಟ್ಟು ಹೊರಟಿದ್ದೇನೆ. ಅದರಲ್ಲಿ ನನಗೆ ಸಂತೋಷವಿತ್ತು.

ಕಳೆದ ಬೇಸಿಗೆಯಲ್ಲಿ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಆಗಲೇ ನಮ್ಮ ಓಣಿಯ ಹಿರಿಯ ತಾಯಿಯೊಬ್ಬರು ತೀರಿಕೊಂಡರು. ಆ ತಗಡಿನ ಕೋಣೆಗೆ ಮೊದಲ ಚಾಪೆ ಕೊಟ್ಟವರು ಅವರು. ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವ ತ್ರಿಸರಣ, ಐದು ಶೀಲಗಳ ಪಂಚಶೀಲ ಹೇಳಲು ಯಾರಾದರೂ ಬರುತ್ತಾರೆಂದು ಸಂಜೆಯವರೆಗೆ ಹೆಣ ಇಟ್ಟುಕೊಂಡು ಕಾದಿದ್ದಾರೆ. ಕೊನೆಗೆ ಮೊಬೈಲಿನಲ್ಲಿ ವಂದನೆಯ ಧ್ವನಿ ಹಾಕಿ ಮಣ್ಣು ಕೊಟ್ಟಿದ್ದಾರೆ. ನಾನು ಮನೆಗೆ ಬಂದ ಮೇಲೆ ನಾಲ್ಕು ಜನ ಬಂದು ಇದನ್ನು ಹೇಳಿ, "ನೀವಿಲ್ಲದೆ ಇಲ್ಲಿ ಏನೂ ನಡೆಯುವುದಿಲ್ಲ ಮೇಷ್ಟ್ರೇ" ಎಂದರು. ಅಭಿಮಾನದಿಂದಲೇ ಹೇಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ವಂದನೆ ಹೇಳಿಸಿದ ಮೇಲೆ ಇಡೀ ಓಣಿಯಲ್ಲಿ ಎದ್ದು ನಿಂತು ಹೇಳುವ ಒಬ್ಬರೂ ಇಲ್ಲವೆಂದರೆ ನಾನು ಕಲಿಸಿದ್ದು ಏನು? ವೈಶಾಖದ ವಂತಿಗೆ ಹಣ ಬ್ಯಾಂಕಿಗೂ ಹೋಗಿರಲಿಲ್ಲ, ಪಾಸ್‌ಬುಕ್ ನನ್ನ ಟ್ರಂಕಿನಲ್ಲಿತ್ತು.

ಭಗವಾನರು ಎಂಬತ್ತರ ವಯಸ್ಸಿನಲ್ಲಿ, ಬೇಲುವ ಗ್ರಾಮದ ಕೊನೆಯ ಮಳೆಗಾಲದಲ್ಲಿ ಕಾಯಿಲೆಯಿಂದ ಎದ್ದು, ಶಿಷ್ಯ ಆನಂದನಿಗೆ ತಮ್ಮ ದೇಹ ಪಟ್ಟಿ ಕಟ್ಟಿ ಓಡಿಸುವ ಹಳೆಯ ಬಂಡಿಯಂತಾಗಿದೆ ಎಂದರು. ಅದೇ ಮಾತುಕತೆಯಲ್ಲಿ, ಭಿಕ್ಖು ಸಂಘವನ್ನು ನಾನು ನಡೆಸುತ್ತೇನೆ, ಸಂಘ ನನ್ನನ್ನೇ ನಂಬಿದೆ ಎಂಬ ಯೋಚನೆ ತಥಾಗತನಿಗೆ, ಅಂದರೆ ತಮಗೆ ಇಲ್ಲ ಎಂದೂ ಹೇಳಿದರು. ಇದನ್ನು ನಾನೇ ಎಷ್ಟು ಸಲ ಓದಿ ಹೇಳಿದ್ದೇನೋ. ಬಂಡಿಯ ಮಾತಷ್ಟೇ ಕಿವಿಗೆ ಬಿದ್ದಿತ್ತು. ಆ ಎರಡನೆಯ ಮಾತು ಆಸ್ಪತ್ರೆಯಿಂದ ಬಂದ ಮೇಲೆ ಕೇಳಿಸಿತು.

ಜಾಗ, ಬ್ಯಾಂಕು, ಕೀಲಿಕೈ, ಸಂಸ್ಕಾರದ ಕೆಲಸ, ಎಲ್ಲ ನನ್ನೊಬ್ಬನ ಮೇಲೆ ಬಂದು ಕೂತಿವೆ. ಬಿಚ್ಚುವುದು ಎಲ್ಲಿಂದ? ಇಂಥ ಕೆಲಸ ಮಾಡಿದವರು, ಮಾಡಲಾಗದೆ ಸೋತವರು, ಇಬ್ಬರೂ ಹೇಳಿ.


ಬೀದರ್‌ನ ಬೌದ್ಧಾಚಾರ್ಯ

ಅಣ್ಣಾ, ಜೈ ಭೀಮ್. ನಿಮ್ಮ ಬರಹ ಓದಿ ಮನಸ್ಸಿಗೆ ನೋವಾಯಿತು. ತೀರ್ಮಾನ ಆಗಿಹೋಗಿದೆ ಎಂದಿದ್ದೀರಿ, ಆದರೂ ಒಂದು ಮಾತು ಹೇಳುತ್ತೇನೆ.

ನಮ್ಮ ಪಕ್ಕದ ಊರಿನಲ್ಲಿ ಹಿರಿಯರೊಬ್ಬರು ಹೀಗೇ ಒಳ್ಳೆಯ ಮನಸ್ಸಿನಿಂದ ಅಧ್ಯಕ್ಷತೆ ಬಿಟ್ಟರು. ಮುಂದಿನ ವರ್ಷ ಪಂಚಾಯಿತಿ ಚುನಾವಣೆ ಇತ್ತು. ಆ ಕುರ್ಚಿಗೆ ಬಂದವನು ಒಂದು ದಿನವೂ ಪಂಚಶೀಲ ಹೇಳಿದವನಲ್ಲ. ವಿಹಾರದ ಗೋಡೆಯ ಮೇಲೆ ಅವನ ಪಕ್ಷದ ನಾಯಕರ ಬ್ಯಾನರ್ ಬಂತು, ಎರಡು ಗುಂಪಾದವು, ಭಾನುವಾರದ ವಂದನೆ ನಿಂತೇಹೋಯಿತು. ಈಗ ವರ್ಷಕ್ಕೆ ಎರಡು ಸಲ ಬಾಗಿಲು ತೆರೆಯುತ್ತಾರೆ, ಏಪ್ರಿಲ್ 14ಕ್ಕೆ ಮತ್ತು ಡಿಸೆಂಬರ್ 6ಕ್ಕೆ. ಆ ಹಿರಿಯರು ದಿನವೂ ಆ ಬಾಗಿಲಿನ ಮುಂದೆ ನಡೆದು ಹಾಲು ತರಲು ಹೋಗುತ್ತಾರೆ.

ಬಿಡುವುದೇ ದೊಡ್ಡತನ ಎಂದುಕೊಂಡು ಬಿಡಬೇಡಿ. ಖಾಲಿಯಾದ ಕುರ್ಚಿಯನ್ನು ಧಮ್ಮ ಬಂದು ತುಂಬುವುದಿಲ್ಲ, ಹತ್ತಿರ ನಿಂತವನು ತುಂಬುತ್ತಾನೆ. ಜನ ತಯಾರಾಗುವವರೆಗೆ ಇರಿ, ಕನಿಷ್ಠ ಎರಡು ವರ್ಷ. ಇಲ್ಲವೆಂದರೆ ಗೌರವಾಧ್ಯಕ್ಷರಾಗಿಯಾದರೂ ಉಳಿಯಿರಿ.


ಪಾಲಿ ಓದುವ ವಿದ್ಯಾರ್ಥಿ, ಮೈಸೂರು

ಬೀದರ್‌ನ ಅಣ್ಣನವರ ಭಯ ನಿಜವಾದದ್ದು. ಆ ಪ್ರಶ್ನೆಯನ್ನು ಭಿಕ್ಖು ಸಂಘಕ್ಕೆ ಬಹಳ ಹಿಂದೆಯೇ ಒಬ್ಬರು ಕೇಳಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಪಾಲಿ ಉಪದೇಶಗಳ ಸಂಗ್ರಹವಾದ ಮಜ್ಝಿಮ ನಿಕಾಯದ ಗೋಪಕ ಮೊಗ್ಗಲ್ಲಾನ ಸುತ್ತ. ಬುದ್ಧರ ಪರಿನಿಬ್ಬಾಣವಾಗಿ, ಅಂದರೆ ಅವರು ದೇಹ ಬಿಟ್ಟು, ಹೆಚ್ಚು ದಿನ ಆಗಿಲ್ಲ. ಮಗಧದಲ್ಲಿ ರಾಜ ಅಜಾತಶತ್ರು ಪಜ್ಜೋತ ರಾಜನ ಮೇಲಿನ ಸಂಶಯದಿಂದ ರಾಜಗೃಹದ ಕೋಟೆಯನ್ನು ಗಟ್ಟಿ ಮಾಡಿಸುತ್ತಿದ್ದಾನೆ. ಮಂತ್ರಿ ವಸ್ಸಕಾರ ಕೆಲಸದ ಉಸ್ತುವಾರಿಗೆ ಬಂದವನು ಆನಂದನನ್ನು ಕೇಳುತ್ತಾನೆ: ನಾನು ಹೋದ ಮೇಲೆ ಇವನೇ ನಿಮಗೆ ಆಸರೆ ಎಂದು ಗೋತಮರು ಯಾರನ್ನಾದರೂ ನೇಮಿಸಿದ್ದಾರೆಯೇ? ಇಲ್ಲ ಎನ್ನುತ್ತಾನೆ ಆನಂದ. ಸಂಘವಾದರೂ ಆರಿಸಿಕೊಂಡಿದೆಯೇ? ಇಲ್ಲ. ಹಾಗಾದರೆ ಆಸರೆಯಿಲ್ಲದೆ ನಿಮ್ಮಲ್ಲಿ ಒಗ್ಗಟ್ಟು ಹೇಗೆ? ಕೋಟೆ ಕಟ್ಟಿಸುವವನು ಕೇಳಬೇಕಾದ ಪ್ರಶ್ನೆಯೇ ಅದು.

ಆನಂದನ ಉತ್ತರ ತತ್ತ್ವದಲ್ಲಿ ನಿಲ್ಲುವುದಿಲ್ಲ, ಕೆಲಸಕ್ಕೆ ಇಳಿಯುತ್ತದೆ. ನಮಗೆ ಆಸರೆ ಇದೆ, ಧಮ್ಮವೇ ಆಸರೆ ಎನ್ನುತ್ತಾನೆ. ಅದು ನಡೆಯುವ ಬಗೆಯನ್ನೂ ವಿವರಿಸುತ್ತಾನೆ: ಒಂದೇ ಗ್ರಾಮವನ್ನು ನಂಬಿಕೊಂಡ ಭಿಕ್ಖುಗಳು ಹದಿನೈದು ದಿನಕ್ಕೊಮ್ಮೆ ಬರುವ ಉಪೋಸಥದ ದಿನ ಸೇರುತ್ತಾರೆ, ಪಾತಿಮೊಕ್ಖ ಎಂಬ ಭಿಕ್ಖು ನಿಯಮಗಳ ಪಾಠ ಬಲ್ಲವರನ್ನು ಹೇಳುವಂತೆ ಕೇಳುತ್ತಾರೆ, ತಪ್ಪಿದವರನ್ನು ನಿಯಮದ ಪ್ರಕಾರ ನಡೆಸಿಕೊಳ್ಳುತ್ತಾರೆ. ನಮ್ಮನ್ನು ನಡೆಸುವುದು ವ್ಯಕ್ತಿಗಳಲ್ಲ, ಧಮ್ಮ ಎಂಬ ಮಾತು ಬರುವುದು ಇದರ ನಂತರ. ಹಾಗಾಗಿ ಕುರ್ಚಿಯನ್ನು ಧಮ್ಮ ತುಂಬುವುದಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. ಹದಿನೈದು ದಿನಕ್ಕೊಮ್ಮೆ ಸೇರುವ ಅಭ್ಯಾಸ, ಬಾಯಿಪಾಠ ಬಲ್ಲವರು, ಎಲ್ಲರೂ ಒಪ್ಪಿದ ನಿಯಮ, ಈ ಮೂರೂ ಇದ್ದ ಕಡೆ ತುಂಬುತ್ತದೆ. ಮೇಷ್ಟ್ರ ವಿಹಾರದಲ್ಲಿ ಸೇರುವ ಅಭ್ಯಾಸ ಗಟ್ಟಿಯಾಗಿದೆ. ಉಳಿದ ಎರಡು ಇದ್ದಂತಿಲ್ಲ.


ಲೆಕ್ಕಪತ್ರದ ಕೆಲಸದವನು, ಬೆಂಗಳೂರು

ಮೇಷ್ಟ್ರೇ, ನಾನು ಜಾಗದ ವಿಷಯ ಮಾತ್ರ ಹೇಳುತ್ತೇನೆ. ಇದನ್ನು ಮೊದಲು ಮಾಡಿ, ಉಳಿದದ್ದನ್ನು ಆಮೇಲೆ ನೋಡಿ.

ನಿವೇಶನ ನಿಮ್ಮ ಹೆಸರಿನಲ್ಲಿದೆ ಎಂದರೆ ಕಾನೂನಿನ ಕಣ್ಣಿಗೆ ಅದು ನಿಮ್ಮ ಸ್ವಂತ ಆಸ್ತಿ. ನೀವು ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಇದ್ದರೆ ತಾಯಿ, ಇಷ್ಟೂ ಜನಕ್ಕೆ ಸಮಪಾಲು ಹೋಗುತ್ತದೆ. ನಾವು ಬೌದ್ಧರು, ನಮಗೆ ಅದು ಅನ್ವಯಿಸುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬೌದ್ಧರಿಗೂ ಜೈನರಿಗೂ ಸಿಖ್ಖರಿಗೂ ಅನ್ವಯಿಸುತ್ತದೆ. ನಿಮ್ಮ ಮಕ್ಕಳು ಬಂಗಾರದಂಥವರೇ ಇರಬಹುದು. ಆದರೆ ಅವರಲ್ಲಿ ಒಬ್ಬರ ಮೇಲೆ ಸಾಲದ ಡಿಕ್ರಿ ಬಂದರೂ ಸಾಕು, ವಿಹಾರದ ಜಾಗ ಕೋರ್ಟು ಮೆಟ್ಟಿಲೇರುತ್ತದೆ.

ನೋಂದಾಯಿತ ಸಂಘದ ಹೆಸರಿಗೆ ದಾನಪತ್ರ ಮಾಡಿ. ಸ್ಥಿರಾಸ್ತಿಯ ದಾನ ನೋಂದಣಿ ಆಗಲೇಬೇಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಂಘ ಅದನ್ನು ಸ್ವೀಕರಿಸುವುದು ನೀವು ಬದುಕಿರುವಾಗಲೇ ಆಗಬೇಕು. ಅದಕ್ಕೆ ಸಭೆಯಲ್ಲಿ ಠರಾವು ಮಾಡಿಸಿ, ಯಾರು ಸಂಘದ ಪರವಾಗಿ ಸಹಿ ಹಾಕುತ್ತಾರೆ ಎಂಬುದನ್ನು ಹೆಸರು ಹಿಡಿದು ಬರೆಸಿ. ಮುದ್ರಾಂಕ ಶುಲ್ಕ ಬೀಳುತ್ತದೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮೊದಲೇ ಲೆಕ್ಕ ಹಾಕಿಸಿಕೊಂಡು ಅದಕ್ಕೆ ಪ್ರತ್ಯೇಕ ಪಟ್ಟಿ ಎತ್ತಿ. ನೀವು ಅಧ್ಯಕ್ಷ, ನೀವೇ ದಾನಿ. ಎರಡೂ ಕಡೆ ನಿಮ್ಮದೇ ಸಹಿ ಇರುವುದು ಚೆನ್ನಾಗಿ ಕಾಣುವುದಿಲ್ಲ, ಸಂಘದ ಪರವಾಗಿ ಬೇರೆಯವರು ಹಾಕಲಿ. ಆಮೇಲೆ ಖಾತಾ ಬದಲಾವಣೆ, ವಿದ್ಯುತ್ ಮೀಟರು, ನೀರಿನ ಸಂಪರ್ಕ. ಬ್ಯಾಂಕಿಗೆ ಹೊಸ ಸಹಿದಾರರ ಠರಾವಿನ ನಕಲು. ಹೊಸ ಆಡಳಿತ ಮಂಡಳಿಯ ಪಟ್ಟಿ ಸಂಘಗಳ ನೋಂದಣಿ ಕಚೇರಿಗೆ ಹೋಗಬೇಕು. ವಾರ್ಷಿಕ ಲೆಕ್ಕಪತ್ರ ಎಷ್ಟು ವರ್ಷದ್ದು ಬಾಕಿ ಇದೆ ನೋಡಿ, ಎಲ್ಲ ಸಂಘಗಳಲ್ಲೂ ಬಾಕಿ ಇರುತ್ತದೆ. ಅದನ್ನು ನೀವಿರುವಾಗಲೇ ಸರಿಪಡಿಸಿ ಕೊಡಿ. ಬಂದವರ ತಲೆಗೆ ಕಟ್ಟಬೇಡಿ.


ವಿಜಯಪುರದ ಓದುಗ

ಮೇಲಿನವರು ಹೇಳಿದ್ದನ್ನು ದಯವಿಟ್ಟು ಮುಂದೂಡಬೇಡಿ. ನಮ್ಮ ಊರಿನಲ್ಲಿ ಅಧ್ಯಕ್ಷರಾಗಿದ್ದವರು ಒಂದು ಬೆಳಿಗ್ಗೆ ಹೊಲದಲ್ಲಿ ಕುಸಿದು ಹೋದರು. ಕಾಗದವೆಲ್ಲ ಅವರ ಮನೆಯ ಬೀರುವಿನಲ್ಲಿ. ಅಳಿಯ ಬೀರು ತೆಗೆಯಲು ಬಿಡಲಿಲ್ಲ. ಆರು ವರ್ಷವಾಯಿತು. ನಾವು ಸಮುದಾಯ ಭವನದ ಜಗಲಿಯಲ್ಲಿ ಕೂತು ವಂದನೆ ಹೇಳುತ್ತಿದ್ದೇವೆ.


ದೂರ ಹೋದ ಉಪಾಸಿಕೆ

ಕಾಕಾ, ಜೈ ಭೀಮ್. ನಾನು ಯಾರೆಂದು ಓದುತ್ತಿದ್ದಂತೆ ನಿಮಗೆ ಗೊತ್ತಾಗುತ್ತದೆ. ಇದನ್ನು ಖಾಸಗಿಯಾಗಿ ಬರೆಯಬಹುದಿತ್ತು. ಇಲ್ಲಿರುವ ಬೇರೆ ಅಧ್ಯಕ್ಷರೂ ಓದಲಿ ಎಂದು ಇಲ್ಲೇ ಬರೆಯುತ್ತಿದ್ದೇನೆ.

ನನಗೆ ತ್ರಿಸರಣ ಕಲಿಸಿದವರು ನೀವು. ಮಹಾಮಂಗಲ ಸುತ್ತವನ್ನು ಪೂರ್ತಿ ಬಾಯಿಪಾಠ ಮಾಡಿಸಿದವರು ನೀವು. ಏಳನೆಯ ತರಗತಿಯಲ್ಲಿದ್ದಾಗ ಅದಕ್ಕೆ ಬಹುಮಾನವಾಗಿ ಒಂದು ಪೆನ್ನು ಕೊಟ್ಟಿದ್ದಿರಿ. ನಾವು ಆರು ಹುಡುಗಿಯರು ನಿಮ್ಮ ಹಿಂದೆ ನಿಂತು ಹೇಳುತ್ತಾ ಹೇಳುತ್ತಾ ನಿಮ್ಮ ಧ್ವನಿ ಇಲ್ಲದೆಯೂ ಹೇಳಬಲ್ಲವರಾದೆವು. ನನಗೆ ಹತ್ತೊಂಬತ್ತಾದಾಗ ಗೆಳತಿಯ ಮದುವೆ ಬಂತು. ವಂದನೆ ನಾನು ಹೇಳಿಸುತ್ತೇನೆ ಕಾಕಾ ಎಂದೆ. "ನೋಡೋಣ" ಎಂದಿರಿ. ಹೆಣ್ಣುಮಕ್ಕಳು ಬೌದ್ಧಾಚಾರ್ಯರ ತರಬೇತಿಗೆ ಹೋಗಬಹುದೇ ಎಂದು ಕೇಳಿದೆವು. "ನೋಡೋಣ, ಜನ ಒಪ್ಪಬೇಕಲ್ಲ" ಎಂದಿರಿ. ಸಂಜೆ ಮಕ್ಕಳಿಗೆ ಪಾಠ ಹೇಳುತ್ತೇವೆ, ಕೀಲಿಕೈ ಕೊಡಿ ಎಂದೆವು. ಕೀಲಿಕೈ ನಿಮ್ಮ ಜೇಬಿನಲ್ಲೇ ಉಳಿಯಿತು. ನೀವು ಒಂದು ಸಲವೂ ಇಲ್ಲ ಎನ್ನಲಿಲ್ಲ ಕಾಕಾ. ಇಲ್ಲ ಎಂದಿದ್ದರೆ ಜಗಳವಾಡುತ್ತಿದ್ದೆವು, ಗೆಲ್ಲುತ್ತಿದ್ದೆವೋ ಸೋಲುತ್ತಿದ್ದೆವೋ. ನಾಲ್ಕು ವರ್ಷ "ನೋಡೋಣ" ಕೇಳಿದ ಮೇಲೆ ಒಬ್ಬೊಬ್ಬರೇ ಬರುವುದನ್ನು ಬಿಟ್ಟೆವು. ಯಾಕೆ ಬರುತ್ತಿಲ್ಲ ಎಂದು ನೀವು ಕೇಳಲಿಲ್ಲ. ಮದುವೆಯಾಗಿ ಹೋದರು, ಕೆಲಸಕ್ಕೆ ಹೋದರು ಎಂದುಕೊಂಡಿರಿ.

ಆ ಹಿರಿಯ ತಾಯಿಯ ಮಣ್ಣಿನ ದಿನ ನಮ್ಮಲ್ಲಿ ಇಬ್ಬರು ಅದೇ ಓಣಿಯಲ್ಲಿ ಇದ್ದರು. ಅವರಿಗೆ ಪೂರ್ತಿ ಬಾಯಿಪಾಠವಿತ್ತು. ಗುಂಪಿನಲ್ಲಿ ನಿಂತಿದ್ದರು, ಯಾರೂ ಅವರನ್ನು ಕೇಳಲಿಲ್ಲ. ತಾವೇ ಮುಂದೆ ಬರಬಹುದಿತ್ತಲ್ಲ ಎಂದು ನಾನೂ ಫೋನಿನಲ್ಲಿ ಬೈದೆ. "ಕಾಕಾ ಹೇಳದೆ ಹೇಗೆ ಅಕ್ಕಾ?" ಎಂದರು.

ನಾನು ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶುಶ್ರೂಷಕಿ. ನನಗೆ ನಿಮ್ಮ ಮೇಲೆ ಸಿಟ್ಟಿದೆ, ಅದಕ್ಕಿಂತ ಹೆಚ್ಚು ಋಣವಿದೆ. ಆದ್ದರಿಂದ ಎರಡು ಮಾತು ಕೇಳಿಕೊಳ್ಳುತ್ತೇನೆ. ಗೌರವಾಧ್ಯಕ್ಷರಾಗಬೇಡಿ. ನೀವು ಆ ಕುರ್ಚಿಯಲ್ಲಿ ಕೂತಿರುವಷ್ಟು ದಿನ ಹೊಸ ಅಧ್ಯಕ್ಷರು ಪ್ರತಿ ಮಾತಿಗೂ ನಿಮ್ಮ ಮುಖ ನೋಡುತ್ತಾರೆ. ಹಿಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂರಿ, ವಂದನೆಗೆ ಧ್ವನಿ ಸೇರಿಸಿ. ಎರಡನೆಯದು, ರಾತ್ರಿ ಫೋನ್ ಬಂದರೆ ನೀವು ಹೋಗಬೇಡಿ. ಅದು ನಿಮಗೆ ಬಹಳ ಕಷ್ಟವಾಗುತ್ತದೆ ಎಂದು ಗೊತ್ತು.


ಮುಂಡಗೋಡದ ವ್ಯಾಪಾರಿ

ನಾನು ಬೌದ್ಧನಲ್ಲ. ನಮ್ಮ ತಂದೆಯ ಕಾಲದಿಂದ ಟಿಬೆಟನ್ ಶಿಬಿರದವರೊಂದಿಗೆ ವ್ಯಾಪಾರ ಮಾಡಿಕೊಂಡು ಬಂದವನು. ನಮ್ಮಲ್ಲಿ ಗಂಡೆನ್ ಮತ್ತು ಡ್ರೆಪುಂಗ್ ಎಂಬ ಎರಡು ದೊಡ್ಡ ಮಠಗಳಿವೆ. ಗಂಡೆನ್ ಸಿಂಹಾಸನದಲ್ಲಿ ಕೂರುವ ಗುರುವಿಗೆ ಗಂಡೆನ್ ತ್ರಿಪಾ ಎನ್ನುತ್ತಾರೆ, ಟಿಬೆಟನ್ ಬೌದ್ಧರ ಗೆಲುಗ್ ಪಂಥಕ್ಕೆಲ್ಲ ಅವರೇ ಮುಖ್ಯಸ್ಥರು. ಅದು ಪುನರ್ಜನ್ಮ ಗುರುತಿಸಿ ಕೂರಿಸುವ ಪೀಠವಲ್ಲ. ಓದಿ ಪರೀಕ್ಷೆ ದಾಟಿ ಮೇಲೆ ಬಂದವರು ಏಳು ವರ್ಷ ಕೂರುತ್ತಾರೆ, ಏಳು ವರ್ಷವಾದ ಮೇಲೆ ಇಳಿಯುತ್ತಾರೆ. ತಾಯಿಯ ಮಗನಿಗೆ ವಿದ್ಯೆಯಿದ್ದರೆ ಗಂಡೆನ್ ಸಿಂಹಾಸನಕ್ಕೆ ಒಡೆಯನಿಲ್ಲ ಎಂದು ಅವರಲ್ಲಿ ಒಂದು ಗಾದೆ. ದಲಾಯಿ ಲಾಮಾ ಅವರು 2011ರಲ್ಲಿ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಒಪ್ಪಿಸಿದಾಗ ಇಲ್ಲಿಯ ಎಷ್ಟೋ ಮುದುಕರು ಬೇಡಿಕೊಂಡು ಅತ್ತಿದ್ದರು. ಅವರು ಕೇಳಲಿಲ್ಲ. ತಾವು ಗಟ್ಟಿಯಾಗಿರುವಾಗಲೇ ಇದಾಗಬೇಕು ಎಂಬುದು ಅವರ ಹಟವಾಗಿತ್ತು.

ಮೇಷ್ಟ್ರಿಗೆ ಹೇಳುವಷ್ಟು ದೊಡ್ಡವನಲ್ಲ ನಾನು. ಅವಧಿ ಬರೆದಿಟ್ಟರೆ ಇಳಿಯುವವರಿಗೂ ಅವಮಾನವಿಲ್ಲ, ಏರುವವರಿಗೂ ಸಂಕೋಚವಿಲ್ಲ ಎಂಬುದನ್ನು ಕಂಡಿದ್ದೇನೆ.


ಬೀದರ್‌ನ ಬೌದ್ಧಾಚಾರ್ಯ

ಬೆಂಗಳೂರಿನ ತಂಗಿಯ ಮಾತು ಓದಿ ಒಂದು ದಿನ ಸುಮ್ಮನಿದ್ದೆ. ನಮ್ಮ ವಿಹಾರದಲ್ಲೂ "ನೋಡೋಣ" ಎನ್ನುವವನು ನಾನೇ. ಎರಡು ವರ್ಷ ಇರಿ ಎಂದು ಅಣ್ಣನವರಿಗೆ ಹೇಳಿದ್ದೆ. ಜನ ತಯಾರಾಗುವವರೆಗೆ ಎಂದರೆ ಎಂದಿನವರೆಗೆ ಎಂದು ನನ್ನನ್ನೇ ಕೇಳಿಕೊಂಡೆ. ಬಾಬಾಸಾಹೇಬರು ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಧಮ್ಮದೀಕ್ಷೆ ಕೊಟ್ಟರು, ಡಿಸೆಂಬರ್ 6ಕ್ಕೆ ಹೋದರು. ನಡುವೆ ಐವತ್ತಮೂರು ದಿನ. ನಮ್ಮ ಅಜ್ಜಂದಿರು ಯಾರೂ ತಯಾರಾಗಿರಲಿಲ್ಲ. ಪಾಲಿ ಗೊತ್ತಿಲ್ಲ, ಮಂತ್ರ ಗೊತ್ತಿಲ್ಲ, ಭಿಕ್ಖುಗಳಿಲ್ಲ, ಜಾಗವಿಲ್ಲ. ಆದರೂ ಹಿಡಿದುಕೊಂಡರು. ರಾಜಕಾರಣಿಗಳ ಭಯ ನನಗೆ ಈಗಲೂ ಇದೆ. ಅದಕ್ಕೆ ಮದ್ದು ನಿಯಮಾವಳಿಯಲ್ಲಿ ಬರೆಯಬೇಕು: ಯಾವುದೇ ಪಕ್ಷದ ಪದಾಧಿಕಾರಿ ವಿಹಾರದ ಪದಾಧಿಕಾರಿ ಆಗುವಂತಿಲ್ಲ ಎಂದು.

ಗೌರವಾಧ್ಯಕ್ಷರ ವಿಷಯದಲ್ಲಿ ಮಾತ್ರ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳಲಾರೆ. ಹಿರಿಯರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಕಲಿಯುವುದೇನನ್ನು?


ಪಾಲಿ ಓದುವ ವಿದ್ಯಾರ್ಥಿ, ಮೈಸೂರು

ಅಣ್ಣನವರೇ, ಅದೇ ಸುತ್ತದಲ್ಲಿ ಇದಕ್ಕೂ ಉತ್ತರವಿದೆ. ಹಾಗಾದರೆ ನೀವು ಗೌರವಿಸಿ ಆಶ್ರಯಿಸುವ ಭಿಕ್ಖು ಒಬ್ಬನಾದರೂ ಇದ್ದಾನೆಯೇ ಎಂದು ವಸ್ಸಕಾರ ಕೇಳಿದಾಗ ಆನಂದ ಇದ್ದಾನೆ ಎನ್ನುತ್ತಾನೆ. ಶೀಲ, ಬಹುಶ್ರುತತೆ, ಸಂತೃಪ್ತಿ ಮೊದಲಾದ ಹತ್ತು ಗುಣಗಳಿರುವವರನ್ನು ಗೌರವಿಸುತ್ತೇವೆ ಎಂದು ಎಣಿಸಿ ಹೇಳುತ್ತಾನೆ. ಗೌರವಕ್ಕೆ ಹುದ್ದೆ ಬೇಕಾಗಿಲ್ಲ. ಮೇಷ್ಟ್ರು ಚಾಪೆಯ ಮೇಲೆ ಕೂತರೂ ಮಕ್ಕಳು ಹತ್ತಿರ ಹೋಗಿ ಕೇಳುತ್ತಾರೆ. ಕೇಳಿದಾಗ ಹೇಳುವುದಕ್ಕೂ ಕುರ್ಚಿಯಿಂದ ಹೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣವನ್ನು ಪ್ರತಿ ವರ್ಷ ಓದುತ್ತೇವೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂಬ ಭಾಗ ಎಲ್ಲರಿಗೂ ನೆನಪಿದೆ. ಅದೇ ಭಾಷಣದಲ್ಲಿ ಅವರು ಭಿಕ್ಖು ಸಂಘಗಳನ್ನು ಸಂಸತ್ತುಗಳೆಂದೇ ಕರೆದು, ಆಸನ ವ್ಯವಸ್ಥೆ, ಠರಾವು, ಕೋರಂ, ಮತ ಎಣಿಕೆ, ಗುಪ್ತ ಮತದಾನ ಎಲ್ಲಕ್ಕೂ ಅಲ್ಲಿ ನಿಯಮವಿತ್ತು ಎಂದು ವಿವರಿಸುತ್ತಾರೆ. ಅದನ್ನು ಹೇಳಿದವರ ಚಿತ್ರದ ಕೆಳಗೆ ಕೂತು ನಾವು ಕೈ ಎತ್ತದೆ, ಚಪ್ಪಾಳೆಯಲ್ಲೇ ಅಧ್ಯಕ್ಷರನ್ನು ಆರಿಸುತ್ತಿದ್ದೇವೆ.

ಮೇಷ್ಟ್ರಿಗೆ ಇನ್ನೊಂದು. ಅಶ್ವಿನ ಹುಣ್ಣಿಮೆಯನ್ನು ಆರಿಸಿಕೊಂಡಿದ್ದೀರಿ. ಅದು ಪವಾರಣೆಯ ದಿನ ಎಂಬುದು ನಿಮಗೆ ಗೊತ್ತೇ ಇರುತ್ತದೆ. ವರ್ಷಾವಾಸ ಮುಗಿದಾಗ ಪ್ರತಿ ಭಿಕ್ಖುವೂ ಕುಕ್ಕರಗಾಲಿನಲ್ಲಿ ಕೂತು ಕೈ ಮುಗಿದು, ನನ್ನಲ್ಲಿ ಕಂಡದ್ದು, ಕೇಳಿದ್ದು, ಶಂಕಿಸಿದ್ದು ಏನಿದ್ದರೂ ಕರುಣೆಯಿಟ್ಟು ಹೇಳಿ ಎಂದು ಸಂಘವನ್ನು ಬೇಡುತ್ತಾನೆ. ಈ ವಿಧಿ ಹುಟ್ಟಿದ ಸಂದರ್ಭವೂ ದೊಡ್ಡದು. ಕೋಸಲದಲ್ಲಿ ಕೆಲವು ಭಿಕ್ಖುಗಳು ಜಗಳವೇ ಬೇಡವೆಂದು ಮೂರು ತಿಂಗಳು ಪರಸ್ಪರ ಮಾತನಾಡದೆ ಮಳೆಗಾಲ ಕಳೆದು, ಸುಖವಾಗಿದ್ದೆವು ಎಂದು ಬಂದು ಹೇಳಿದರು. ಬುದ್ಧರು ಮೆಚ್ಚಲಿಲ್ಲ, ಕುರಿಗಳಂತೆ ಬಾಳಿದಿರಿ ಎಂದು ಗದರಿಸಿ ಪವಾರಣೆಯನ್ನು ವಿಧಿಸಿದರು. ಸಾವತ್ಥಿಯ ಪುಬ್ಬಾರಾಮದಲ್ಲಿ ಐನೂರು ಭಿಕ್ಖುಗಳ ಮುಂದೆ ಸ್ವತಃ ಬುದ್ಧರೇ ಮೊದಲು ಕೇಳಿದ್ದರು: ನನ್ನ ನಡೆಯಲ್ಲಿ, ನುಡಿಯಲ್ಲಿ ಆಕ್ಷೇಪಿಸುವಂಥದ್ದು ಏನಾದರೂ ಇದೆಯೇ ಎಂದು.

ಅದು ಭಿಕ್ಖುಗಳ ವಿಧಿ, ಗೃಹಸ್ಥರಿಗೆ ಆ ವಿನಯ ಕರ್ಮವಿಲ್ಲ. ಆದರೂ ಶಾಲು, ಹಾರ, ಸನ್ಮಾನ ಪತ್ರ ತಂದುಬಿಡುವ ಮೊದಲು ಯೋಚಿಸಿ.


ನಿವೃತ್ತ ಮೇಷ್ಟ್ರು

ಮಗಳೇ, ನೀನು ಯಾರೆಂದು ಮೊದಲ ಸಾಲಿಗೇ ಗೊತ್ತಾಯಿತು. ಆ ಪೆನ್ನು ಹಸಿರು ಬಣ್ಣದ್ದು.

ನೀನು ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಜನ ಒಪ್ಪುವುದಿಲ್ಲ ಎಂದೆ. ಜನರನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನನಗೇ ಧೈರ್ಯವಿರಲಿಲ್ಲ, ಅದಕ್ಕೆ ಜನರ ಹೆಸರು ಕೊಟ್ಟೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮಂಟಪದಲ್ಲಿ ಬಿಳಿ ಬಟ್ಟೆ ತೊಟ್ಟು ನಿಂತು ವಂದನೆ ಹೇಳಿಸುವಾಗ ಇಡೀ ಜನ ನನ್ನ ಹಿಂದೆ ದನಿ ತೆಗೆಯುತ್ತದಲ್ಲ, ಅದನ್ನು ಬಿಟ್ಟುಕೊಡುವ ಮನಸ್ಸಾಗಲಿಲ್ಲ. ನನ್ನ ತಂದೆ ಊರಿನ ದೇವಸ್ಥಾನದ ಹೊರಗೆ ನಿಂತು ಹಲಗೆ ಬಾರಿಸುತ್ತಿದ್ದವರು. ಒಳಗೆ ನಡೆಯುವ ಪೂಜೆಯ ದನಿ ಅವರ ಕಿವಿಗೂ ಬೀಳುತ್ತಿರಲಿಲ್ಲ. ಅವರ ಮಗ ಒಳಗೆ ನಿಂತು ಹೇಳಿಸುವವನಾದ. ಅದೇ ಬಾಗಿಲಿನಲ್ಲಿ ನಾನು ನಿನ್ನನ್ನು ನಿಲ್ಲಿಸಿದೆ. ಕ್ಷಮಿಸು ಎನ್ನುವುದು ಸಣ್ಣ ಮಾತಾಗುತ್ತದೆ, ಆದರೂ ಕೇಳುತ್ತಿದ್ದೇನೆ.

ಗೌರವಾಧ್ಯಕ್ಷನಾಗುವುದಿಲ್ಲ. ಸನ್ಮಾನ ಬೇಡವೆಂದು ಹೇಳಿದ್ದೇನೆ. ದಾನಪತ್ರದ ಕರಡು ಬರೆಯಲು ಕೊಟ್ಟಿದ್ದೇನೆ. ಹೆಂಡತಿ ಮಕ್ಕಳನ್ನು ಕೂರಿಸಿ ಎಲ್ಲ ಹೇಳಿದೆ. ದೊಡ್ಡ ಮಗ, "ಅದು ನಿಮ್ಮ ಹೆಸರಿನಲ್ಲಿತ್ತೇ? ವಿಹಾರದ್ದೆಂದೇ ತಿಳಿದಿದ್ದೆ" ಎಂದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಲೆಕ್ಕಪತ್ರ ನಾಲ್ಕು ವರ್ಷದ್ದು ಬಾಕಿ ಇದೆ, ದಿನವೂ ರಸೀದಿ ಪುಸ್ತಕ ಹರಡಿಕೊಂಡು ಕೂರುತ್ತಿದ್ದೇನೆ.

ನೀನು ಹುಣ್ಣಿಮೆಗೆ ರಜೆ ಹಾಕಿ ಬರುತ್ತೀಯಾ? ಉಳಿದ ಐವರಿಗೂ ನಾನೇ ಹೋಗಿ ಹೇಳುತ್ತೇನೆ.


ದೂರ ಹೋದ ಉಪಾಸಿಕೆ

ಬರುತ್ತೇನೆ ಕಾಕಾ.


ನಿವೃತ್ತ ಮೇಷ್ಟ್ರು (ಹುಣ್ಣಿಮೆಯ ಮರುದಿನ)

ನಿನ್ನೆ ನಡೆದದ್ದನ್ನು ನೆನಪಿರುವಾಗಲೇ ಬರೆಯುತ್ತೇನೆ.

ಸಂಜೆ ವಂದನೆ ಆದ ಮೇಲೆ ಕುರ್ಚಿಗಳನ್ನೆಲ್ಲ ಹೊರಗಿಟ್ಟೆವು. ನಾನು ಚಾಪೆಯ ಮೇಲೆ ಜನರ ಕಡೆ ಮುಖ ಮಾಡಿ ಕೂತು, ಇಷ್ಟು ವರ್ಷಗಳಲ್ಲಿ ನನ್ನಲ್ಲಿ ಕಂಡದ್ದು, ಕೇಳಿದ್ದು, ಶಂಕಿಸಿದ್ದು ಏನಿದ್ದರೂ ಹೇಳಿ ಎಂದೆ. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಫ್ಯಾನಿನ ಸದ್ದು ಮಾತ್ರ. ಎದ್ದುಬಿಡೋಣ ಎನ್ನಿಸಿತು.

ಮೊದಲು ಬಾಯಿ ತೆರೆದವರು ಗೋಡೆ ಕಟ್ಟಿದ ಗೌಂಡಿ. ಹಣ ಕೊಟ್ಟವರ ಹೆಸರನ್ನೆಲ್ಲ ಕಲ್ಲಿನ ಮೇಲೆ ಕೆತ್ತಿಸಿದಿರಿ, ನಲವತ್ತು ದಿನ ಕೂಲಿ ಇಲ್ಲದೆ ಕಟ್ಟಿದ ನನ್ನ ಹೆಸರಿಲ್ಲ ಎಂದರು. ನಾನು ಪ್ರತಿ ವರ್ಷ ಮಕ್ಕಳನ್ನು ಸನ್ನತಿಯ ಬಳಿಯ ಕನಗನಹಳ್ಳಿ ಸ್ತೂಪಕ್ಕೆ ಕರೆದುಕೊಂಡು ಹೋಗುತ್ತೇನೆ. ಸಾಮಾನ್ಯ ಗೃಹಸ್ಥರ, ಭಿಕ್ಖುಣಿಯರ ದಾನವನ್ನು ಹೆಸರು ಸಹಿತ ಕೆತ್ತಿರುವ ಆ ಕಲ್ಲುಗಳ ಬಗ್ಗೆ ಹೇಳಿ, ರಾಜ ಅಶೋಕನ ಶಿಲ್ಪವಿದ್ದ ಸ್ತೂಪದಲ್ಲೇ ಇವರ ಹೆಸರೂ ಇದೆ ನೋಡಿ ಎಂದು ಪಾಠ ಮಾಡುತ್ತೇನೆ. ಹದಿಮೂರು ವರ್ಷ ಆ ಗೌಂಡಿ ನನ್ನೆದುರು ಪ್ರತಿ ಭಾನುವಾರ ಕೂತಿದ್ದಾರೆ.

ಆಮೇಲೆ ಒಬ್ಬೊಬ್ಬರೇ ಹೇಳಿದರು. ಅಧಿಕಾರಿಗಳು ಬಂದರೆ ಮುಂದೆ ಕುರ್ಚಿ, ನಮಗೆ ಯಾವಾಗಲೂ ಚಾಪೆ ಎಂದರು. ಒಬ್ಬ ಹುಡುಗ ಏಪ್ರಿಲ್ 14ರ ಭಾಷಣದ ನಡುವೆ ನಾನು ಮೈಕ್ ಕಸಿದುಕೊಂಡದ್ದನ್ನು ಹೇಳಿದ. ನನಗೆ ಅದರ ನೆನಪೇ ಇರಲಿಲ್ಲ, ಅವನಿಗೆ ತಾರೀಖು, ಗಂಟೆ ಎರಡೂ ನೆನಪಿತ್ತು. ಒಬ್ಬ ತಂಗಿ, "ನನ್ನ ಗಂಡನ ಮಣ್ಣಿಗೆ ಮಳೆಯಲ್ಲಿ ನೆನೆದು ಬಂದಿರಿ ಅಣ್ಣಾ, ಆಮೇಲೆ ಒಂದು ದಿನವೂ ನನ್ನ ಮನೆಯ ಕಡೆ ಬರಲಿಲ್ಲ" ಎಂದರು. ಇದು ಎಲ್ಲಕ್ಕಿಂತ ಆಳಕ್ಕೆ ಇಳಿಯಿತು. ಯಾವುದಕ್ಕೂ ಸಮಜಾಯಿಷಿ ಕೊಡುವುದಿಲ್ಲ ಎಂದು ನಿರ್ಧರಿಸಿಕೊಂಡಿದ್ದೆ. ಎರಡು ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ನಂತರ ಗುಪ್ತ ಮತದಾನವೇ ಆಯಿತು, ಬಿಸ್ಕತ್ತಿನ ಡಬ್ಬದಲ್ಲಿ ಚೀಟಿ. ಏಳು ಜನರ ಸಮಿತಿ, ಅದರಲ್ಲಿ ಮೂವರು ಹೆಂಗಸರು. ಎರಡು ವರ್ಷದ ಅವಧಿ, ಒಬ್ಬರಿಗೆ ಸತತವಾಗಿ ಎರಡೇ ಸಲ. ಪಕ್ಷದ ಪದಾಧಿಕಾರಿಗಳ ಬಗ್ಗೆ ಬೀದರ್‌ನ ತಮ್ಮ ಹೇಳಿದ ನಿಯಮವನ್ನೂ ಠರಾವು ಮಾಡಿದೆವು. ಸಂಸ್ಕಾರಗಳಿಗೆ ನಾಲ್ವರನ್ನು ಗೊತ್ತು ಮಾಡಿದ್ದಾರೆ, ಅವರ ಫೋನ್ ಸಂಖ್ಯೆಗಳನ್ನು ಗೇಟಿನ ಪಕ್ಕದ ಗೋಡೆಯ ಮೇಲೆ ಬರೆಸುತ್ತಿದ್ದಾರೆ. ನನ್ನ ಸಂಖ್ಯೆ ಅದರಲ್ಲಿಲ್ಲ. ಕೀಲಿಕೈಗೆ ಮೂರು ನಕಲು ಮಾಡಿಸಿದರು.


ನಿವೃತ್ತ ಮೇಷ್ಟ್ರು (ಹದಿನೆಂಟು ದಿನಗಳ ನಂತರ)

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಕೆಳಗಿನ ಓಣಿಯಲ್ಲಿ ಒಬ್ಬರು ತೀರಿಕೊಂಡಿದ್ದರು. ಹಳೆಯ ಅಭ್ಯಾಸ, ನನಗೇ ಮಾಡಿದ್ದಾರೆ. ಗೋಡೆಯ ಮೇಲಿನ ಸಂಖ್ಯೆಯನ್ನು ಓದಿ ಹೇಳಿ ಫೋನ್ ಇಟ್ಟೆ. ಬಿಳಿ ಅಂಗಿ ಗೂಟದ ಮೇಲೇ ಇತ್ತು. ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎಲ್ಲರಂತೆ ಮಣ್ಣಿಗೆ ಹೋಗಿ ಹಿಂದೆ ನಿಂತೆ. ಆ ಆರು ಜನರಲ್ಲಿ ಊರಿನಲ್ಲೇ ಉಳಿದ ಒಬ್ಬಳು ಮುಂದೆ ನಿಂತು ತ್ರಿಸರಣ ಪಂಚಶೀಲ ಹೇಳಿಸಿದಳು. ದನಿ ಮೊದಲು ನಡುಗುತ್ತಿತ್ತು. "ಅನಿಚ್ಚಾ ವತ ಸಂಖಾರಾ" ಎಂದು ಶುರು ಮಾಡಿ ಎರಡನೆಯ ಸಾಲಿನ ಮೇಲೆ ತಡೆದು ನಿಂತಳು. ನನ್ನ ನಾಲಿಗೆಯ ತುದಿಗೆ ಮುಂದಿನ ಸಾಲು ಬಂದಿತ್ತು. ತುಟಿ ಕಚ್ಚಿಕೊಂಡೆ. ಅವಳು ಕಣ್ಣು ಮುಚ್ಚಿ, ಮೊದಲಿನಿಂದ ಮತ್ತೆ ಹೇಳಿದಳು. ಈ ಸಲ ಪೂರ್ತಿ ಬಂತು. ಜನ ದನಿಗೂಡಿಸಿದರು, ನಾನೂ.

ಮಣ್ಣು ಮುಗಿಸಿ ಬರುವಾಗ ಗಂಡನನ್ನು ಕಳೆದುಕೊಂಡ ಆ ತಂಗಿಯ ಮನೆಗೆ ಹೋದೆ. ಚಹಾ ಕೊಟ್ಟರು. ಬಹಳ ಹೊತ್ತು ಕೂತಿದ್ದೆ.

ದಾನಪತ್ರದ ನೋಂದಣಿ ಬರುವ ಗುರುವಾರಕ್ಕೆ ಗೊತ್ತಾಗಿದೆ. ಗೌಂಡಿಯವರು ಒಬ್ಬ ಸಾಕ್ಷಿ.


ಲೆಕ್ಕಪತ್ರದ ಕೆಲಸದವನು, ಬೆಂಗಳೂರು

2003ರ ಮೂಲ ಖರೀದಿ ಪತ್ರ, ತೆರಿಗೆ ಕಟ್ಟಿದ ರಸೀದಿ, ಸಂಘದ ಠರಾವಿನ ನಕಲು ಇಷ್ಟನ್ನೂ ಬುಧವಾರ ರಾತ್ರಿಯೇ ಒಂದು ಚೀಲದಲ್ಲಿಡಿ. ಸಾಕ್ಷಿಗಳಿಬ್ಬರೂ ಆಧಾರ್ ತರಲಿ. ಬೇಗ ಹೋಗಿ, ಮಧ್ಯಾಹ್ನದ ಮೇಲೆ ಸರ್ವರ್ ನಿಧಾನವಾಗುತ್ತದೆ.